ಕಾಡಿಗೆ ಹಾಕಿದ ಹಣ ಕೆಲಸ ಮಾಡಿದೆಯೇ? ತಿಳಿಯುವುದು ಹೇಗೆ

ಪ್ರಶ್ನೆ: ನಾನು ಕಾಡಂಚಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮ್ಮ ವಲಯದಲ್ಲಿ ಮೂರು ವರ್ಷದಿಂದ ಸರ್ಕಾರದ ಹಣದಲ್ಲಿ ಆನೆ ತಡೆಯಲು 9 ಕಿ.ಮೀ. ರೈಲ್ವೆ ಹಳಿಯ ಬ್ಯಾರಿಕೇಡ್ ಹಾಕಿದ್ದಾರೆ. ಕಾಡಿನೊಳಗೆ 12 ಕೆರೆಕಟ್ಟೆಗಳ ಹೂಳು ತೆಗೆಸಿದ್ದಾರೆ, 200 ಹೆಕ್ಟೇರ್‌ನಲ್ಲಿ ಲಂಟಾನ ಎಂಬ ಕಳೆಪೊದೆ ಕೀಳಿಸಿದ್ದಾರೆ. ಗ್ರಾಮಸಭೆಯಲ್ಲಿ ಓದಿದ ವರದಿಯಲ್ಲಿ ‘ಶೇ 100ರಷ್ಟು ಗುರಿ ಸಾಧನೆ, ವನ್ಯಪ್ರಾಣಿಗಳ ಸಂಖ್ಯೆಯಲ್ಲೂ ಏರಿಕೆ’ ಎಂದಿದೆ. ನಮ್ಮ ಊರಿಗೆ ಆನೆ ಬರುವುದು ಕಡಿಮೆಯಾಗಿರುವುದು ನಿಜ. ಆದರೆ ಬೇಲಿ ಮುಗಿಯುವ ಕಡೆ ಇರುವ ಊರಿನವರು, ‘ನಿಮ್ಮ ಕಡೆ ಬರ್ತಿದ್ದ ಆನೆಗಳೇ ಈಗ ನಮ್ಮ ಹೊಲಕ್ಕೆ ನುಗ್ಗುತ್ತಿವೆ’ ಎಂದು ಜಗಳಕ್ಕೆ ಬರುತ್ತಾರೆ. ಇದೆಲ್ಲ ದುಡ್ಡು ಹೊಡೆಯುವ ದಾರಿ ಎನ್ನುವವರೂ ಇದ್ದಾರೆ. ಈಗ ಇನ್ನೂ 4 ಕಿ.ಮೀ. ಬೇಲಿ ಮಂಜೂರಾಗಿದೆ, ಕೆಲಸ ಶುರುವಾಗಿಲ್ಲ. ಹಾಕಿದ ಹಣದಿಂದ ನಿಜವಾಗಿ ಪ್ರಯೋಜನ ಆಗಿದೆಯೇ ಎಂದು ನಮ್ಮಂಥವರು ತಿಳಿಯುವುದು ಹೇಗೆ? ಪ್ರಾಣಿಗಳ ಸಂಖ್ಯೆ ಏರಿದೆ ಎನ್ನುವುದನ್ನು ನಂಬಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. ಹೇಳಿದ ಕೆಲಸ ನಡೆಯಿತೇ ಎಂಬುದು ಒಂದು. ನಡೆದ ಕೆಲಸದಿಂದ ಏನಾದರೂ ಬದಲಾಯಿತೇ ಎಂಬುದು ಇನ್ನೊಂದು. ದುಡ್ಡು ಹೊಡೆದಿದ್ದಾರೆ ಎಂಬ ಅನುಮಾನ ಮೊದಲನೆಯದಕ್ಕೆ ಸೇರಿದ್ದು. ಅಳತೆ ಪುಸ್ತಕ, ಬಿಲ್ಲು, ಸ್ಥಳ ಪರಿಶೀಲನೆಯಿಂದ ಅದನ್ನು ಬಗೆಹರಿಸಬಹುದು. ಎರಡನೆಯದು ಬೇರೆಯೇ ವಿಷಯ. ಒಂದು ಪೈಸೆ ಸೋರದೆ, ಅಚ್ಚುಕಟ್ಟಾಗಿ ಕಟ್ಟಿದ ಬೇಲಿ ಕೂಡ ಆನೆ ಹಾವಳಿಯನ್ನು ಒಂದು ಊರಿನಿಂದ ಪಕ್ಕದ ಊರಿಗೆ ದಾಟಿಸುವುದಷ್ಟನ್ನೇ ಮಾಡಿರಬಹುದು. ವರದಿಯ ‘ಶೇ 100’ ಎಂದರೆ 9 ಕಿ.ಮೀ. ಕಟ್ಟುತ್ತೇವೆ ಎಂದವರು 9 ಕಿ.ಮೀ. ಕಟ್ಟಿದರು ಎಂದಷ್ಟೇ ಅರ್ಥ. ಅದು ಸುಳ್ಳಲ್ಲ, ಆದರೆ ನೀವು ಕೇಳುತ್ತಿರುವ ಪ್ರಶ್ನೆಗೆ ಉತ್ತರವೂ ಅಲ್ಲ.

ಮೊದಲು ಬೇಲಿಯನ್ನೇ ತೆಗೆದುಕೊಳ್ಳೋಣ. ಹೆಚ್ಚು ಹಣ ಹೋಗಿರುವುದು ಅದಕ್ಕೆ, ನಿಮ್ಮ ಜಗಳ ಇರುವುದೂ ಅದರ ಮೇಲೆ. ‘ಮೊದಲು ಆನೆ ಬರುತ್ತಿತ್ತು, ಬೇಲಿ ಹಾಕಿದ ಮೇಲೆ ಕಡಿಮೆಯಾಯಿತು, ಆದ್ದರಿಂದ ಬೇಲಿ ಫಲ ಕೊಟ್ಟಿದೆ’ ಎಂಬ ತರ್ಕದಲ್ಲಿ ಒಂದು ತೂತಿದೆ. ಆನೆ ಹಾವಳಿ ಮಳೆ, ಬೆಳೆ, ಕಾಡಿನ ಮೇವು ಇವುಗಳ ಜತೆಗೆ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಬೇಲಿ ಇಲ್ಲದಿದ್ದರೂ ಈ ಮೂರು ವರ್ಷಗಳಲ್ಲಿ ಅದು ಇಳಿಯುತ್ತಿತ್ತೇ? ಇದನ್ನು ತಿಳಿಯಲು ಬೇಲಿ ಇಲ್ಲದ, ಉಳಿದ ಎಲ್ಲದರಲ್ಲೂ ನಿಮ್ಮ ಊರನ್ನೇ ಹೋಲುವ ಇನ್ನೊಂದು ಊರು ಬೇಕು. ಅದೇ ಕಾಡಿನ ಅಂಚು, ಅದೇ ಬೆಳೆ, ಅದೇ ಮಳೆ ಇರಬೇಕು, ಆದರೆ ಬೇಲಿಯಿಂದ ತಪ್ಪಿಸಿಕೊಂಡ ಆನೆಗಳು ತಲುಪದಷ್ಟು ದೂರವಿರಬೇಕು. ಬೇಲಿಯ ಕೊನೆಯಲ್ಲಿರುವ ಪಕ್ಕದ ಊರನ್ನು ಹೋಲಿಕೆಗೆ ಹಿಡಿಯುವುದು ಇಲ್ಲಿ ಪದೇ ಪದೇ ಆಗುವ ತಪ್ಪು. ಅಲ್ಲಿ ಹಾವಳಿ ಹೆಚ್ಚಿದ್ದಕ್ಕೆ ನಿಮ್ಮ ಬೇಲಿಯೇ ಕಾರಣವಿರಬಹುದು. ಆಗ ಬೇಲಿಯ ಲಾಭ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ವಿವರಿಸುವುದಕ್ಕಷ್ಟೇ ಕೆಲವು ಅಂಕಿ ಹಿಡಿಯೋಣ. ಬೇಲಿಗೆ ಮೊದಲು ನಿಮ್ಮ ಊರಿಗೆ ವರ್ಷಕ್ಕೆ 80 ರಾತ್ರಿ ಆನೆ ಬರುತ್ತಿತ್ತು, ಈಗ 50. ದೂರದ ಹೋಲಿಕೆಯ ಊರಿನಲ್ಲಿ 75 ಇದ್ದದ್ದು 60 ಆಗಿದೆ. ಪಕ್ಕದ ಊರಿನಲ್ಲಿ 40 ಇದ್ದದ್ದು 46. ಹೋಲಿಕೆಯ ಊರಿನಲ್ಲಿ ಬೇಲಿಯಿಲ್ಲದೆಯೂ ಐದರಲ್ಲಿ ಒಂದು ಪಾಲು ಇಳಿದಿದೆ. ಅದೇ ಲೆಕ್ಕದಲ್ಲಿ ನಿಮ್ಮ ಊರಿನ 80 ಹೇಗಿದ್ದರೂ 64ಕ್ಕೆ ಇಳಿಯುತ್ತಿತ್ತು. ಬೇಲಿಯಿಂದ ಬಂದ ಲಾಭ 64ರಿಂದ 50ಕ್ಕೆ, ಅಂದರೆ 14 ರಾತ್ರಿ. ಪಕ್ಕದ ಊರಿನ 40 ಇಳಿದು 32 ಆಗಬೇಕಿತ್ತು, 46 ಆಗಿದೆ. ಅಲ್ಲಿಗೆ 14 ರಾತ್ರಿ ಹೆಚ್ಚು. ನಿಮ್ಮ ಊರಿಗಾದ ಲಾಭವೆಲ್ಲ ಅವರ ನಷ್ಟದಲ್ಲಿ ತೀರಿಹೋಯಿತು. ವರದಿಯಲ್ಲಿ ಮಾತ್ರ ‘80ರಿಂದ 50ಕ್ಕೆ ಇಳಿಕೆ’ ಎಂಬ ಒಂದೇ ಸಾಲು ಇರುತ್ತದೆ, ಆ ಸಾಲಿನಲ್ಲಿ ತಪ್ಪೂ ಇರುವುದಿಲ್ಲ. ನಿಮ್ಮ ನಿಜವಾದ ಅಂಕಿಗಳು ಬೇರೆಯೇ ಇರಬಹುದು, ಲಾಭ ಉಳಿಯಲೂಬಹುದು. ಆದರೆ ಮೂರೂ ಊರಿನ ಲೆಕ್ಕ ಕೈಯಲ್ಲಿಲ್ಲದೆ ಯಾರೂ ಅದನ್ನು ಹೇಳಲಾರರು.

ಇನ್ನೊಂದು ಬಲೆ ಇದೆ, ಅನುಭವಿ ಅಧಿಕಾರಿಗಳೂ ಅದರಲ್ಲಿ ಬೀಳುತ್ತಾರೆ. ಬೇಲಿ ಮಂಜೂರಾಗುವುದು ಯಾವಾಗ? ಹಾವಳಿ ವಿಪರೀತವಾಗಿ, ರಸ್ತೆ ತಡೆ ನಡೆದು, ಒತ್ತಡ ಬಂದ ವರ್ಷ. ಅಷ್ಟು ಕೆಟ್ಟ ವರ್ಷದ ಮುಂದಿನ ವರ್ಷ ಏನೂ ಮಾಡದಿದ್ದರೂ ಸಾಮಾನ್ಯವಾಗಿ ಸ್ವಲ್ಪ ಸುಧಾರಿಸುತ್ತದೆ. ಆ ಕೆಟ್ಟ ವರ್ಷವನ್ನೇ ‘ಮೊದಲಿನ ಸ್ಥಿತಿ’ ಎಂದು ಹಿಡಿದರೆ ಯಾವ ಯೋಜನೆಯೂ ಗೆದ್ದಂತೆ ಕಾಣುತ್ತದೆ. ಹಾಗಾಗಿ ಬೇಲಿಗೆ ಮೊದಲಿನ ಕನಿಷ್ಠ ಮೂರು ವರ್ಷಗಳ ಸರಾಸರಿ ಕೇಳಿ. ಐದು ವರ್ಷದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ಈ ಅಂಕಿಗಳಿಗೆ ಸುಲಭವಾಗಿ ಸಿಗುವ ಮೂಲ ಬೆಳೆ ಪರಿಹಾರದ ಅರ್ಜಿಗಳು. ಬಳಸಿ, ಆದರೆ ಎಚ್ಚರದಿಂದ ಬಳಸಿ. ಪರಿಹಾರದ ದರ ಏರಿದ ವರ್ಷ, ಅರ್ಜಿ ಹಾಕುವುದು ಸುಲಭವಾದ ವರ್ಷ, ಹಾವಳಿ ಅಷ್ಟೇ ಇದ್ದರೂ ಅರ್ಜಿ ಹೆಚ್ಚುತ್ತವೆ. ಎರಡು ಗುಂಟೆ ರಾಗಿ ತುಳಿದುಹೋದವರು ಫೋಟೊ, ಪಹಣಿ ಹಿಡಿದು ಓಡಾಡುವುದಕ್ಕಿಂತ ಸುಮ್ಮನಿರುವುದೇ ಮೇಲು ಎಂದುಕೊಳ್ಳುತ್ತಾರೆ. ಪಹಣಿ ತಂದೆಯ ಅಥವಾ ಅಜ್ಜನ ಹೆಸರಿನಲ್ಲೇ ಉಳಿದಿರುವವರ, ಗುತ್ತಿಗೆಗೆ ಉಳುವವರ ನಷ್ಟ ಬಹಳ ಸಲ ದಾಖಲೆಗೇ ಬರುವುದಿಲ್ಲ. ಈ ಕೊರತೆ ಮೂರೂ ಊರಿನಲ್ಲಿ ಒಂದೇ ಪ್ರಮಾಣದಲ್ಲಿದ್ದರೆ ಹೋಲಿಕೆ ಕೆಡುವುದಿಲ್ಲ. ಒಂದೂರಿನಲ್ಲಿ ಮಾತ್ರ ಅರ್ಜಿ ಬರೆದುಕೊಡುವ ಉತ್ಸಾಹಿ ಯುವಕರಿದ್ದರೆ ಕೆಡುತ್ತದೆ.

ಬೇಲಿಯ ಗುಣಮಟ್ಟದ ಬಗ್ಗೆ ಒಂದು ಮಾತು. ರೈಲ್ವೆ ಬ್ಯಾರಿಕೇಡ್‌ಗೆ ಒಂದು ಕಿಲೋಮೀಟರಿಗೆ ಕೋಟಿ ರೂಪಾಯಿಗೂ ಹೆಚ್ಚು ಬೀಳುತ್ತದೆ, ಆದರೆ ಅದರ ಬಲ ಅದರ ಅತಿ ದುರ್ಬಲ ಜಾಗದಷ್ಟೇ. ಹಳ್ಳ ದಾಟುವ ಕಡೆ ಬಿಟ್ಟ ಸಂದು, ದನಕರುಗಳಿಗೆಂದು ಮಾಡಿ ಮುಚ್ಚದೆ ಬಿಟ್ಟ ಗೇಟು, ಬೇಲಿ ಥಟ್ಟನೆ ನಿಂತುಹೋಗುವ ತುದಿ, ಆನೆ ದಾಟುವುದು ಇಲ್ಲೇ. ಹಳೆಯ ಆನೆ ಕಂದಕ ಮಳೆಗಾಲದಲ್ಲಿ ದಡ ಕುಸಿದು ತುಂಬಿಕೊಳ್ಳುತ್ತದೆ. ಸೋಲಾರ್ ತಂತಿಗೆ ಹುಲ್ಲು, ಬಳ್ಳಿ ತಾಗಿದರೆ ವಿದ್ಯುತ್ ಸೋರಿ ಆಘಾತವೇ ಇರುವುದಿಲ್ಲ. ಆದ್ದರಿಂದ ಕಟ್ಟಿದ್ದೆಷ್ಟು ಎಂಬುದರ ಜತೆಗೆ ನಿರ್ವಹಣೆಗೆ ವರ್ಷಕ್ಕೆ ಎಷ್ಟು ಹಣ ಇಟ್ಟಿದ್ದಾರೆ ಎಂಬುದನ್ನೂ ಕೇಳಬೇಕು. ಅಡ್ಡ ಪರಿಣಾಮವನ್ನೂ ಇದೇ ಲೆಕ್ಕದಲ್ಲಿ ಬರೆಯಬೇಕು. 2018ರ ಡಿಸೆಂಬರ್‌ನಲ್ಲಿ ನಾಗರಹೊಳೆಯ ಅಂಚಿನಲ್ಲಿ ಇಂಥದೇ ಬ್ಯಾರಿಕೇಡ್ ದಾಟಲು ಹೋದ ಗಂಡಾನೆ ಸಿಕ್ಕಿಹಾಕಿಕೊಂಡು ಸತ್ತಿತು. ಆನೆ ಉಳಿಸುವ ಹಣದಲ್ಲಿ ಕಟ್ಟಿದ್ದು ಆನೆಯ ಜೀವ ತೆಗೆದರೆ ಅದನ್ನು ಅಪಘಾತದ ಕಡತದಲ್ಲಿಟ್ಟು ಯೋಜನೆಯ ವರದಿಯಿಂದ ಹೊರಗಿಡುವುದು ನ್ಯಾಯವಲ್ಲ.

ಇನ್ನು ‘ಪ್ರಾಣಿಗಳ ಸಂಖ್ಯೆ ಏರಿದೆ’ ಎಂಬ ಮಾತು. ಕಾಡಿನಲ್ಲಿ ನಾವು ನೋಡುವುದು ಇರುವ ಪ್ರಾಣಿಗಳಲ್ಲಿ ಒಂದು ಪಾಲನ್ನು ಮಾತ್ರ. ನೂರು ಜಿಂಕೆ ಇರುವ ಕಡೆ ಮೊದಲ ವರ್ಷ ನಲವತ್ತು ಕಂಡವು ಎನ್ನಿ. ಲಂಟಾನ ಕಿತ್ತು ಬಯಲಾದ ಮೇಲೆ ಅದೇ ನೂರರಲ್ಲಿ ಅರವತ್ತು ಕಂಡವು. ವರದಿಯಲ್ಲಿ ಶೇ 50 ಏರಿಕೆ, ಕಾಡಿನಲ್ಲಿ ಒಂದು ಜಿಂಕೆಯೂ ಹೆಚ್ಚಿಲ್ಲ. ನಿಮ್ಮ ವಲಯದಲ್ಲಿ ಪೊದೆ ಕಿತ್ತ ಮೇಲೆ ಎಣಿಸಿದ್ದರೆ ಈ ಅಪಾಯ ನೇರವಾಗಿ ಇದೆ. ಹೂಳೆತ್ತಿದ ಕೆರೆಗಳದ್ದೂ ಅದೇ ಕಥೆ. ಬೇಸಿಗೆಯಲ್ಲಿ ನೀರಿರುವ ಕಡೆ ಸುತ್ತಲಿನ ಪ್ರಾಣಿಗಳೆಲ್ಲ ಸೇರುತ್ತವೆ. ಕೆರೆ ಬದಿಯಲ್ಲಿ ಕೂತು ಎಣಿಸಿದವರಿಗೆ ಸಂಖ್ಯೆ ಹೆಚ್ಚಿದೆ ಎಂದು ಪ್ರಾಮಾಣಿಕವಾಗಿಯೇ ಅನಿಸುತ್ತದೆ. ಹೆಚ್ಚಿರುವುದು ಗುಂಪುಗೂಡುವಿಕೆ.

ಇದನ್ನು ಸರಿಪಡಿಸುವ ವಿಧಾನಗಳು ಬಹಳ ಕಾಲದಿಂದ ಇವೆ. ಜಿಂಕೆ, ಕಡವೆ, ಕಾಟಿಗಳಿಗೆ ಲೈನ್ ಟ್ರಾನ್ಸೆಕ್ಟ್. ಕಾಡಿನೊಳಗೆ ಸುಮಾರು ಎರಡು ಕಿಲೋಮೀಟರಿನ ನೇರ ದಾರಿ ಸವರಿ, ಬೆಳಗಿನ ಜಾವ ನಡೆದು, ಕಂಡ ಪ್ರತಿ ಗುಂಪಿನ ದೂರವನ್ನು ರೇಂಜ್‌ಫೈಂಡರ್‌ನಿಂದ, ಕೋನವನ್ನು ದಿಕ್ಸೂಚಿಯಿಂದ ಅಳೆಯುತ್ತಾರೆ. ದೂರ ಹೆಚ್ಚಿದಂತೆ ಕಾಣುವುದು ಎಷ್ಟು ಬೇಗ ಕಡಿಮೆಯಾಗುತ್ತದೆ ಎಂಬುದರಿಂದ, ಕಣ್ತಪ್ಪಿದವು ಎಷ್ಟು ಎಂದು ಅಂದಾಜಿಸಬಹುದು. ಒಂದು ಪ್ರಾಣಿಗೆ ಅರವತ್ತರಿಂದ ಎಂಬತ್ತು ಸಲವಾದರೂ ಕಂಡ ದಾಖಲೆ ಇಲ್ಲದಿದ್ದರೆ ಈ ಲೆಕ್ಕ ಗಟ್ಟಿಯಾಗುವುದಿಲ್ಲ. ಜೀಪು ದಾರಿಯಲ್ಲಿ ನಡೆದರೆ, ದೂರವನ್ನು ಕಣ್ಣಳತೆಯಲ್ಲಿ ‘ಐವತ್ತು, ನೂರು’ ಎಂದು ಬರೆದರೆ ಇಡೀ ಶ್ರಮ ವ್ಯರ್ಥ. ಹುಲಿಗೆ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಎದುರು ಹಾದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ. ಪ್ರತಿ ಹುಲಿಯನ್ನು ಗುರುತಿಸುವುದು ಅದರ ಪಟ್ಟೆಗಳಿಂದ. ಒಂದೇ ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿನಂತಿರುವುದಿಲ್ಲ, ಅದಕ್ಕಾಗಿ ದಾರಿಯ ಎರಡೂ ಬದಿ ಎದುರುಬದುರು ಕ್ಯಾಮೆರಾ ಕಟ್ಟುತ್ತಾರೆ. ಅದೇ ಹುಲಿ ಮತ್ತೆ ಮತ್ತೆ ಎಲ್ಲೆಲ್ಲಿ ಸಿಕ್ಕಿತು ಎಂಬುದರಿಂದ ಸಿಗದೇ ಉಳಿದವನ್ನು ಅಂದಾಜಿಸುತ್ತಾರೆ. ಈ ವಿಧಾನಗಳ ಬೆಲೆ ನಮಗೆ ಕಹಿಯಾಗಿಯೇ ತಿಳಿಯಿತು. ಹೆಜ್ಜೆ ಗುರುತು ಎಣಿಸುತ್ತಿದ್ದ ಕಾಲದಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಲೆಕ್ಕದ ಪ್ರಕಾರ ಹುಲಿಗಳಿದ್ದವು, ಹಣವೂ ಹೋಗುತ್ತಿತ್ತು. 2005ರಲ್ಲಿ ನೋಡಿದರೆ ಅಲ್ಲಿ ಒಂದೂ ಉಳಿದಿರಲಿಲ್ಲ.

ಸರಿಯಾದ ವಿಧಾನದಲ್ಲಿ ಎಣಿಸಿದರೂ ಉತ್ತರ ಒಂದೇ ಅಂಕಿಯಾಗಿ ಬರುವುದಿಲ್ಲ, ಕೆಳಮಿತಿ ಮೇಲ್ಮಿತಿಯ ಜತೆ ಬರುತ್ತದೆ. ಕರ್ನಾಟಕದ ಆನೆಗಳನ್ನೇ ನೋಡಿ. 2017ರ ಗಣತಿಯಲ್ಲಿ 6,049, 2023ರಲ್ಲಿ 6,395. ‘346 ಆನೆ ಹೆಚ್ಚಳ’ ಎಂದು ಸುದ್ದಿಯಾಯಿತು. ಆದರೆ 2023ರ ಅಂದಾಜಿನ ವ್ಯಾಪ್ತಿ 5,914ರಿಂದ 6,877. ಹಳೆಯ 6,049 ಈ ವ್ಯಾಪ್ತಿಯೊಳಗೇ ಇದೆ. ಏರಿರಬಹುದು, ಹಾಗೇ ಇರಬಹುದು, ಈ ಎರಡು ಅಂಕಿಗಳಿಂದ ಖಚಿತವಾಗಿ ಹೇಳಲಾಗದು. 2025ರಲ್ಲಿ ಲದ್ದಿಯ ಡಿಎನ್‌ಎ ಆಧರಿಸಿದ ರಾಷ್ಟ್ರೀಯ ಅಂದಾಜು ಬಂದಾಗ ಕರ್ನಾಟಕದ ಸಂಖ್ಯೆ 6,013 ಎಂದಾಯಿತು. ಆನೆ ಕಡಿಮೆಯಾಯಿತೆಂದು ಗಾಬರಿ ಬೀಳಬೇಕಿಲ್ಲ. ಎಣಿಸುವ ವಿಧಾನವೇ ಬದಲಾದಾಗ ಹಳೆಯ ಅಂಕಿಯನ್ನು ಪಕ್ಕದಲ್ಲಿಟ್ಟು ಕಳೆಯುವುದು, ಸೇರಿನಲ್ಲಿ ಅಳೆದದ್ದನ್ನು ಕೆ.ಜಿ.ಯಲ್ಲಿ ತೂಗಿದ್ದರಿಂದ ಕಳೆದಂತೆ. ನಿಮ್ಮ ವಲಯದ ವರದಿಯಲ್ಲಿ ‘ಏರಿಕೆ’ ಎಂದವರನ್ನು ಮೂರು ಮಾತು ಕೇಳಿ: ಎರಡೂ ಸಲ ಒಂದೇ ವಿಧಾನವೇ, ಶ್ರಮ ಒಂದೇ ಪ್ರಮಾಣದ್ದೇ, ಕೆಳಮಿತಿ ಮೇಲ್ಮಿತಿ ಎಷ್ಟು? ಇಡೀ ರಾಜ್ಯದ ಅಂದಾಜಿನ ವ್ಯಾಪ್ತಿಯೇ ಇಷ್ಟು ಅಗಲವಿರುವಾಗ, ಒಂದೇ ವಲಯದ ಆನೆ ಸಂಖ್ಯೆ ಮೂರು ವರ್ಷದಲ್ಲಿ ಬದಲಾಯಿತೆಂದು ತೋರಿಸುವುದು ಬಹಳ ಕಷ್ಟ.

ಜೀವಶಾಸ್ತ್ರವೇ ಕೊಡುವ ಒಂದು ಪರೀಕ್ಷೆಯೂ ಇದೆ. ಹೆಣ್ಣಾನೆ ಸುಮಾರು 22 ತಿಂಗಳು ಗರ್ಭ ಹೊರುತ್ತದೆ, ನಾಲ್ಕೈದು ವರ್ಷಕ್ಕೊಮ್ಮೆ ಒಂದು ಮರಿ ಹಾಕುತ್ತದೆ. ಎಲ್ಲ ಅನುಕೂಲವಿದ್ದರೂ ಆನೆಗಳ ಸಂಖ್ಯೆ ವರ್ಷಕ್ಕೆ ಶೇ ಆರೇಳಕ್ಕಿಂತ ಹೆಚ್ಚು ಬೆಳೆಯದು. ಎರಡು ವರ್ಷದಲ್ಲಿ ಶೇ 30 ಏರಿದೆ ಎಂದು ಯಾರಾದರೂ ಹೇಳಿದರೆ ಆನೆಗಳು ಬೇರೆ ಕಡೆಯಿಂದ ಬಂದಿವೆ, ಇಲ್ಲವೇ ಎಣಿಕೆ ಬದಲಾಗಿದೆ.

ಲಂಟಾನದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕಿತ್ತ ಹೆಕ್ಟೇರ್ ಲೆಕ್ಕ ಆ ದಿನದ ಲೆಕ್ಕ ಮಾತ್ರ. ಬುಡದ ಮೇಲೆ ಕತ್ತರಿಸಿದ್ದರೆ ಮುಂದಿನ ಮಳೆಗೆ ಇನ್ನೂ ದಟ್ಟವಾಗಿ ಚಿಗುರುತ್ತದೆ. ಚಿಗುರುವ ಭಾಗದ ಕೆಳಗೆ ಬೇರು ಕಡಿದು, ಬುಡವನ್ನು ತಲೆಕೆಳಗೆ ಮಾಡಿ ಒಣಗಿಸಬೇಕು. ಕಾಯಿ ಕಟ್ಟುವ ಮೊದಲೇ ಕೀಳಬೇಕು. ಆಮೇಲೂ ಎರಡು ಮೂರು ವರ್ಷ ಸಸಿ ಕೀಳುತ್ತಿರಬೇಕು. ಫಲ ಅಳೆಯುವುದು ಸುಲಭ. ಕಿತ್ತ ಕಡೆ ಮತ್ತು ಕೀಳದ ಕಡೆ ಒಂದು ಮೀಟರ್ ಚೌಕಗಳನ್ನು ಗುರುತು ಹಾಕಿ, ಆರು ತಿಂಗಳು, ಒಂದು, ಎರಡು, ಮೂರು ವರ್ಷಕ್ಕೆ ಲಂಟಾನ ಸಸಿಗಳನ್ನು ಎಣಿಸಿ, ಎಷ್ಟು ಭಾಗ ಹುಲ್ಲು ಹಬ್ಬಿದೆ ಎಂದು ಬರೆಯುವುದು. ಹುಲ್ಲು ಬಂದಿಲ್ಲದಿದ್ದರೆ 200 ಹೆಕ್ಟೇರ್ ಕಿತ್ತದ್ದರಿಂದ ಜಿಂಕೆಗೂ ಆನೆಗೂ ಏನೂ ಸಿಕ್ಕಿಲ್ಲ.

ಹುಲಿ ಮೀಸಲು ಪ್ರದೇಶಗಳ ನಿರ್ವಹಣಾ ಮೌಲ್ಯಮಾಪನದ ಅಂಕಗಳನ್ನು ತೋರಿಸಿ ‘ನಮಗೆ ಅತ್ಯುತ್ತಮ ದರ್ಜೆ ಸಿಕ್ಕಿದೆ’ ಎಂದು ಯಾರಾದರೂ ಹೇಳಬಹುದು. ಅದು ಒಳ್ಳೆಯ ಪದ್ಧತಿ. 2022ರ ಸುತ್ತಿನಲ್ಲಿ ಹೊರಗಿನ ತಜ್ಞರು 51 ಹುಲಿ ಮೀಸಲುಗಳನ್ನು 33 ಮಾನದಂಡಗಳಲ್ಲಿ ತೂಗಿದರು. ಅದರಲ್ಲಿ ಹೆಚ್ಚಿನವು ಯೋಜನೆ, ಸಿಬ್ಬಂದಿ, ಹಣ, ಕಾರ್ಯವಿಧಾನಗಳ ಬಗ್ಗೆ. ಮನೆ ಹೇಗೆ ನಡೆಯುತ್ತಿದೆ ಎಂದು ಅದು ಹೇಳುತ್ತದೆ, ನಿಮ್ಮ 9 ಕಿ.ಮೀ. ಬೇಲಿ ಫಲ ಕೊಟ್ಟಿತೇ ಎಂದು ಹೇಳುವುದಿಲ್ಲ. ಹಾಗೆಯೇ ಬೇಟೆ ಪ್ರಕರಣ ಕಡಿಮೆಯಾಗಿವೆ ಎಂದರೆ ಬೇಟೆ ಕಡಿಮೆಯಾಗಿದೆ ಎಂದಲ್ಲ, ಗಸ್ತು ಕಡಿಮೆಯಾಗಿರಲೂಬಹುದು. ನೂರು ಕಿಲೋಮೀಟರ್ ಗಸ್ತಿಗೆ ಸಿಕ್ಕ ಉರುಳೆಷ್ಟು ಎಂಬ ಅಂಕಿ ಬೇಕು.

ಈಗ ನೀವು ಮಾಡಬಹುದಾದ್ದು.

ಮೊದಲನೆಯದು ದಾಖಲೆ ಪಡೆಯುವುದು. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ವಿಭಾಗದ ಕಚೇರಿಯ ಮಾಹಿತಿ ಅಧಿಕಾರಿಗೆ ಅರ್ಜಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಆದ್ದರಿಂದ ಬೇಲಿಗೊಂದು, ಲಂಟಾನಕ್ಕೊಂದು ಬೇರೆ ಬೇರೆ ಬರೆಯಿರಿ. ‘ಯೋಜನೆ ಯಶಸ್ವಿಯಾಗಿದೆಯೇ’ ಎಂದು ಕೇಳಬೇಡಿ, ಅಭಿಪ್ರಾಯಕ್ಕೆ ಉತ್ತರ ಕೊಡಬೇಕಿಲ್ಲ. ಇರುವ ಕಾಗದ ಕೇಳಿ: ವಾರ್ಷಿಕ ಕಾರ್ಯಯೋಜನೆ, ಅಳತೆ ಪುಸ್ತಕದ ಪ್ರತಿ, ನಿರ್ವಹಣೆಯ ವೆಚ್ಚ, ಊರುವಾರು ತಿಂಗಳುವಾರು ಬೆಳೆ ಪರಿಹಾರದ ಅರ್ಜಿಗಳ ಸಂಖ್ಯೆ ಐದಾರು ವರ್ಷದ್ದು, ಗಣತಿಯ ವಿಧಾನದ ಟಿಪ್ಪಣಿ. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೊದಲ ಮೇಲ್ಮನವಿ. ಕ್ಯಾಮೆರಾ ಇಟ್ಟ ಜಾಗದ ವಿವರ ಕೇಳಬೇಡಿ. ಬೇಟೆಗಾರರ ಕೈಗೆ ಸಿಗಬಾರದ ಮಾಹಿತಿ ಅದು. ಈ ದಾರಿಯಲ್ಲೂ ಒಂದು ತೊಂದರೆಯಿದೆ. ಅರ್ಜಿ ಹಾಕಿದೊಡನೆ ಕೆಳಹಂತದ ಸಿಬ್ಬಂದಿ ತಮ್ಮ ಮೇಲೆ ದೂರು ಎಂದುಕೊಂಡು ದೂರ ಸರಿಯುತ್ತಾರೆ. ರಾತ್ರಿಯಿಡೀ ಆನೆ ಓಡಿಸುವ ವಾಚರ್ ಯೋಜನೆ ರೂಪಿಸಿದವರಲ್ಲ. ಅರ್ಜಿಗೆ ಮೊದಲು ವಲಯ ಅರಣ್ಯಾಧಿಕಾರಿಯ ಜತೆ ಕೂತು ಮಾತಾಡಿದರೆ ಅರ್ಧ ಕಾಗದ ಹಾಗೆಯೇ ಸಿಗುವುದೂ ಉಂಟು.

ಎರಡನೆಯದು, ನನಗೆ ಹೆಚ್ಚು ಭರವಸೆ ಇರುವುದು, ಮೂರೂ ಊರಿನಲ್ಲಿ ನೀವೇ ಪುಸ್ತಕ ಇಡುವುದು. ಊರಿಗಿಬ್ಬರು, ಬೆಳಿಗ್ಗೆ ಬೆಳಕು ಹರಿದ ಮೇಲೆ ಬರೆದರೆ ಸಾಕು, ರಾತ್ರಿ ಯಾರೂ ಹೊಲಕ್ಕೆ ಹೋಗಬಾರದು. ದಿನಾಂಕ, ಸರ್ವೆ ನಂಬರ್, ಬೆಳೆ, ಬೆಳೆಯ ಹಂತ, ಹಾಳಾದ ಗುಂಟೆ, ಒಳಗೆ ಬಂದ ಜಾಗ. ಆನೆ ಬಾರದ ದಿನವೂ ‘ಇಲ್ಲ’ ಎಂದು ಬರೆಯಬೇಕು. ಇದನ್ನೇ ಎಲ್ಲರೂ ಬಿಡುವುದು, ಆಮೇಲೆ ಖಾಲಿ ಪುಟ ಎಂದರೆ ಆನೆ ಬಂದಿಲ್ಲವೋ ಬರೆದವರು ಬಂದಿಲ್ಲವೋ ತಿಳಿಯುವುದಿಲ್ಲ. ಮೆತ್ತನೆಯ ಮಣ್ಣಿನಲ್ಲಿ ಮುಂಗಾಲಿನ ದುಂಡಗಿನ ಹೆಜ್ಜೆ ಸ್ಪಷ್ಟವಾಗಿ ಸಿಕ್ಕರೆ ಅದರ ಅಂಚಿಗೆ ಹಗ್ಗ ಸುತ್ತಿ ಅಳೆಯಿರಿ. ಆ ಸುತ್ತಳತೆಯ ಎರಡು ಪಟ್ಟು ಹೆಚ್ಚುಕಡಿಮೆ ಆನೆಯ ಭುಜದೆತ್ತರ. ಹಗ್ಗ 130 ಸೆಂ.ಮೀ. ಬಂದರೆ ಆನೆ 2.6 ಮೀಟರ್, ಬಹುತೇಕ ಬೆಳೆದ ಗಂಡು. ಒಂದೇ ಅಳತೆ ಮತ್ತೆ ಮತ್ತೆ ಬರುತ್ತಿದ್ದರೆ ನಿಮ್ಮದು ಹಿಂಡಿನ ಸಮಸ್ಯೆಯಲ್ಲ, ದಾಟುವುದನ್ನು ಕಲಿತ ಒಂದೆರಡು ಗಂಡಾನೆಗಳದ್ದು ಇರಬಹುದು. ಹಾಗಿದ್ದರೆ ಇನ್ನೊಂದು ಕಿಲೋಮೀಟರ್ ಬೇಲಿಗಿಂತ ಆ ಸಂದು ಮುಚ್ಚುವುದೇ ಅಗ್ಗದ ಪರಿಹಾರ. ಪುಸ್ತಕದ ಅಪಾಯ ಏನೆಂದರೆ, ಪರಿಹಾರಕ್ಕೆ ಇದೇ ಆಧಾರ ಎಂದು ಸುದ್ದಿಯಾದ ದಿನ ಗುಂಟೆಗಳು ಉಬ್ಬತೊಡಗುತ್ತವೆ. ಪುಸ್ತಕಕ್ಕೂ ಪರಿಹಾರಕ್ಕೂ ಸಂಬಂಧವಿಲ್ಲ ಎಂದು ಮೊದಲ ಸಭೆಯಲ್ಲೇ ಹೇಳಿಬಿಡಿ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಹೆಸರಿನಲ್ಲಿ ಇಟ್ಟರೆ ಅದಕ್ಕೊಂದು ಅಧಿಕೃತ ನೆಲೆಯೂ ಸಿಗುತ್ತದೆ.

ಮೂರನೆಯದು ಹೊರಗಿನ ಸಂಸ್ಥೆಯಿಂದ ಸ್ವತಂತ್ರ ಮೌಲ್ಯಮಾಪನ. ಖರ್ಚಿನದು, ಯೋಜನೆ ಮುಗಿದ ಮೇಲೆ ಕರೆದರೆ ಅರ್ಧ ಪ್ರಯೋಜನ ಮಾತ್ರ, ಏಕೆಂದರೆ ಮೊದಲಿನ ಸ್ಥಿತಿಯನ್ನು ಯಾರೂ ಅಳೆದಿರುವುದಿಲ್ಲ. ಮಂಜೂರಾತಿ ಹಂತದಲ್ಲೇ ಒಟ್ಟು ಮೊತ್ತದ ಶೇ 5ರಷ್ಟನ್ನು ಅಳತೆಗೆಂದು ತೆಗೆದಿಡಿ ಎಂದು ಗ್ರಾಮಸಭೆ ನಿರ್ಣಯ ಮಾಡಿ ಕಳಿಸಬಹುದು.

ಮುಗಿದ 9 ಕಿ.ಮೀ. ಬಗ್ಗೆ ಪರಿಹಾರದ ಅರ್ಜಿಗಳಿಂದ ಸಿಗುವ ಮಸುಕು ಚಿತ್ರವೇ ಗತಿ. ಆದರೆ ಹೊಸ 4 ಕಿ.ಮೀ. ಇನ್ನೂ ಶುರುವಾಗಿಲ್ಲ. ಅದು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬ ನಕ್ಷೆಯನ್ನು ಈ ವಾರವೇ ಕೇಳಿ. ಬೇಲಿಯ ಹಿಂದೆ ಬರುವ ಊರು, ಹೊಸ ತುದಿಯ ಆಚೆಗೆ ಬೀಳುವ ಊರು, ದೂರದ ಹೋಲಿಕೆಯ ಊರು, ಮೂರನ್ನೂ ಗುರುತಿಸಿ. ಈಗ ಬೈಯುತ್ತಿರುವ ಪಕ್ಕದೂರಿನವರನ್ನೇ ಕರೆದು ಅವರ ಊರಿನ ಪುಸ್ತಕ ಅವರ ಕೈಗೇ ಕೊಡಿ. ರಾಗಿ, ಮುಸುಕಿನ ಜೋಳ ತೆನೆಗಟ್ಟುವ ಮೊದಲೇ ಬರೆಯುವುದು ಶುರುವಾಗಬೇಕು, ಆನೆ ಹೆಚ್ಚು ಬರುವುದು ಆಗ. ಮೊದಲ ಕಂಬ ನೆಡುವ ಮುನ್ನ ಒಂದು ಪೂರ್ತಿ ಸುಗ್ಗಿಯ ದಾಖಲೆ ನಿಮ್ಮ ಕೈಯಲ್ಲಿರಬೇಕು. ಕಂಬ ನೆಟ್ಟ ಮೇಲೆ ಅದನ್ನು ಮತ್ತೆ ಬರೆಯಲಾಗುವುದಿಲ್ಲ.